ಮಂಜುಗಡ್ಡೆಯ ಅಂಗಳದಲ್ಲಿ ಕಣ್ಣಿಗೆ ಕಾಣದ ಗಾಯ

2016ರ ಮಾರ್ಚ್ 20. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡರ್‌ಹ್ಯಾಮ್ ಎಂಬ ಊರಿನಲ್ಲಿ ಕಾಲೇಜು ಹೆಣ್ಣುಮಕ್ಕಳ ಐಸ್ ಹಾಕಿಯ ರಾಷ್ಟ್ರೀಯ ಅಂತಿಮ ಪಂದ್ಯ ನಡೆದಿತ್ತು. ಒಂದು ಕಡೆ ಬಾಸ್ಟನ್ ಕಾಲೇಜಿನ ತಂಡ. ಆ ಋತುವಿನಲ್ಲಿ ಅದು ಆಡಿದ್ದು 40 ಪಂದ್ಯ, ಗೆದ್ದದ್ದೂ 40. ಇನ್ನೊಂದು ಕಡೆ ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ. ಕೊನೆಗೆ ಮಿನ್ನೆಸೋಟ 3-1 ಗೋಲುಗಳಿಂದ ಗೆದ್ದಿತು. ಆ ಮೂರು ಗೋಲುಗಳಲ್ಲಿ ಒಂದನ್ನು ಹೊಡೆದವರು ಅಮಂಡಾ ಕೆಸ್ಸೆಲ್.

ಆಟದ ಪುಟದಲ್ಲಿ ಇರಬೇಕಾದ ಸುದ್ದಿ ಆರೋಗ್ಯದ ಅಂಕಣಕ್ಕೆ ಏಕೆ ಬಂತು ಎಂದು ಓದುಗರು ಕೇಳಬಹುದು. ಕಾರಣವಿದೆ. ಹಿಂದಿನ ಬೇಸಿಗೆಯಲ್ಲಷ್ಟೇ ಈ ಆಟಗಾರ್ತಿಯ ಕಾಲೇಜು ಆಟ ಮುಗಿಯಿತೆಂದು ಪ್ರಕಟವಾಗಿತ್ತು. ಆಕೆಯ ಕೈಕಾಲು ಮುರಿದಿರಲಿಲ್ಲ. ಹೊಲಿಗೆ ಹಾಕಬೇಕಾದ ಗಾಯವೂ ಇರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಆರೋಗ್ಯವಂತ ತರುಣಿ. ಪೆಟ್ಟು ಬಿದ್ದದ್ದು ತಲೆಯ ಒಳಗೆ, ಮಿದುಳಿಗೆ. ವೈದ್ಯರು ಇದನ್ನು ಕಂಕಷನ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಮಕ್ಕಳು ಸೈಕಲ್ಲಿನಿಂದ ಬಿದ್ದಾಗ, ಅಜ್ಜಿ ಬಚ್ಚಲಲ್ಲಿ ಜಾರಿದಾಗ, ಸ್ಕೂಟರ್ ಉರುಳಿದಾಗ ಆಗುವುದೂ ಇದೇ. ಆದ್ದರಿಂದ ಆ ತಂಡದ ಕಥೆಯಲ್ಲಿ ನಮಗೂ ಪಾಠವಿದೆ.

ಆಟ ಎಂಥದು?

ಹಾಕಿ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಕೊಡಗು. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ಮನೆತನದ ಹೆಂಗಸರು, ಮಕ್ಕಳು ಕೂಡ ಕೋಲು ಹಿಡಿದು ಮೈದಾನಕ್ಕೆ ಇಳಿಯುತ್ತಾರೆ. ಐಸ್ ಹಾಕಿ ಅದರ ದೂರದ ನೆಂಟ. ಹುಲ್ಲಿನ ಬದಲು ಹೆಪ್ಪುಗಟ್ಟಿದ ನೀರಿನ ಅಂಗಳ. ಕಾಲಲ್ಲಿ ಉಕ್ಕಿನ ಅಲಗುಳ್ಳ ಸ್ಕೇಟ್. ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಈ ಬಿಲ್ಲೆಗೆ ಪಕ್ ಎನ್ನುತ್ತಾರೆ. ಒಂದು ಅಂಗುಲ ದಪ್ಪ, ಮೂರು ಅಂಗುಲ ಅಗಲ, ತೂಕ ಸುಮಾರು 170 ಗ್ರಾಂ. ಅಂಗಳದ ಸುತ್ತ ಗಟ್ಟಿಯಾದ ಹಲಗೆಯ ತಡೆಗೋಡೆ. ಒಂದೊಂದು ತಂಡದಿಂದ ಆರು ಮಂದಿ ಅಂಗಳದಲ್ಲಿರುತ್ತಾರೆ. 20 ನಿಮಿಷಗಳ ಮೂರು ಅವಧಿ. ಆಟದ ಬಿರುಸು ಎಷ್ಟೆಂದರೆ, ಮುಕ್ಕಾಲು ನಿಮಿಷ ಆಡುವಷ್ಟರಲ್ಲಿ ಏದುಸಿರು ಬಂದು ಹೊರಗೆ ಕೂರಬೇಕು. ಬೇರೆಯವರು ಒಳಗೆ ಇಳಿಯಬೇಕು.

ನಮ್ಮ ದೇಶದಲ್ಲಿ ಈ ಆಟ ಲಡಾಖಿನ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಅವರೇ ಹೆಚ್ಚಾಗಿರುವ ಭಾರತದ ಮಹಿಳಾ ತಂಡ 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚಿನ ಪದಕ ಗೆದ್ದಿತು.

ಅಮೆರಿಕದ ಕಾಲೇಜುಗಳಲ್ಲಿ ಮಹಿಳೆಯರ ಋತು ಚಳಿ ಕಾಲಿಡುವ ಹೊತ್ತಿಗೆ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ವಾರವಿಡೀ ತರಗತಿ, ಅಭ್ಯಾಸ, ವ್ಯಾಯಾಮ. ವಾರದ ಕೊನೆಗೆ ಸಾಮಾನ್ಯವಾಗಿ ಒಂದೇ ಎದುರಾಳಿಯ ಜೊತೆ ಎರಡು ದಿನ ಎರಡು ಪಂದ್ಯ. ನಡುವೆ ಪರೀಕ್ಷೆ, ದೂರದ ಊರುಗಳಿಗೆ ಪ್ರಯಾಣ. ಪ್ರಾಯ 18ರಿಂದ 22ರ ಆಸುಪಾಸು.

ಮಹಿಳೆಯರ ಕಾಲೇಜು ಆಟದಲ್ಲಿ ಎದುರಾಳಿಯನ್ನು ಬೇಕೆಂದೇ ಮೈಯಿಂದ ಗುದ್ದಿ ಕೆಡಹುವುದು ತಪ್ಪು. ತಲೆಗೆ ಹೆಲ್ಮೆಟ್, ಮುಖಕ್ಕೆ ಪೂರ್ತಿ ಜಾಲರಿ ಅಥವಾ ಪಾರದರ್ಶಕ ಕವಚ ಕಡ್ಡಾಯ. ಇಷ್ಟಿದ್ದರೂ ತಲೆಯ ಪೆಟ್ಟು ತಪ್ಪಿಲ್ಲ. 2009-10ರಿಂದ 2013-14ರವರೆಗೆ ಅಮೆರಿಕದ ಕಾಲೇಜು ಕ್ರೀಡೆಗಳ ಗಾಯಗಳನ್ನು ಲೆಕ್ಕ ಹಾಕಿದ ಅಧ್ಯಯನದಲ್ಲಿ ಕಂಕಷನ್‌ಗೆ ಮೊದಲ ಸ್ಥಾನ ಪುರುಷರ ಕುಸ್ತಿಗೆ, ಎರಡನೆಯದು ಪುರುಷರ ಐಸ್ ಹಾಕಿಗೆ, ಮೂರನೆಯದು ಮಹಿಳೆಯರ ಐಸ್ ಹಾಕಿಗೆ. ಒಬ್ಬ ಆಟಗಾರ್ತಿ ಒಮ್ಮೆ ಅಭ್ಯಾಸಕ್ಕೋ ಪಂದ್ಯಕ್ಕೋ ಇಳಿಯುವುದನ್ನು ಒಂದು ಎಂದು ಎಣಿಸಿದರೆ, ಅಂಥ 10,000 ಬಾರಿಗೆ 7.5ರಂತೆ ಕಂಕಷನ್ ಆಗಿತ್ತು. ಮೈಮೇಲೆ ಬಿದ್ದು ಆಡುವ ಅಮೆರಿಕನ್ ಫುಟ್‌ಬಾಲ್ ಕೂಡ ಇದಕ್ಕಿಂತ ಕೆಳಗಿತ್ತು! ಗುದ್ದುವುದು ನಿಷೇಧವಾದರೂ ವೇಗ ನಿಷೇಧವಲ್ಲ. ಇಬ್ಬರು ಒಂದೇ ಪಕ್‌ಗಾಗಿ ಧಾವಿಸಿದಾಗ ಡಿಕ್ಕಿಯಾಗುತ್ತದೆ. ಜಾರಿ ತಡೆಗೋಡೆಗೆ ಬಡಿಯುತ್ತಾರೆ. ಹಿಮ್ಮುಖವಾಗಿ ಬಿದ್ದರೆ ತಲೆ ಬಡಿಯುವುದು ಕಲ್ಲಿನಷ್ಟು ಗಟ್ಟಿಯಾದ ಮಂಜುಗಡ್ಡೆಗೆ.

ಗೆಲುವಿನ ವರ್ಷ, ಕತ್ತಲೆಯ ವರ್ಷ

2012-13ರ ಋತುವಿನಲ್ಲಿ ಮಿನ್ನೆಸೋಟ ತಂಡ 41 ಪಂದ್ಯ ಆಡಿ 41ನ್ನೂ ಗೆದ್ದಿತು. ಅಮಂಡಾ ಆ ವರ್ಷ 46 ಗೋಲು ಹೊಡೆದರು. ಇನ್ನೂ 55 ಗೋಲುಗಳಿಗೆ ನೆರವಾದರು. ಆ ಆಟದಲ್ಲಿ ಎರಡನ್ನೂ ಕೂಡಿಸಿ ಲೆಕ್ಕ ಇಡುವುದರಿಂದ ಒಟ್ಟು 101 ಅಂಕ. ವರ್ಷದ ಶ್ರೇಷ್ಠ ಕಾಲೇಜು ಆಟಗಾರ್ತಿಗೆ ಕೊಡುವ ಪ್ಯಾಟಿ ಕಾಜ್ಮಾಯರ್ ಪ್ರಶಸ್ತಿ ಅವರದಾಯಿತು. ಮುಂದಿನ ವರ್ಷ ದೇಶದ ತಂಡಕ್ಕಾಗಿ ಕಾಲೇಜಿನಿಂದ ಬಿಡುವು ಪಡೆದು 2014ರ ಸೋಚಿ ಒಲಿಂಪಿಕ್ಸ್‌ಗೆ ಹೋದರು. ಅಂತಿಮ ಪಂದ್ಯದಲ್ಲಿ ಅಮೆರಿಕ ಕೆನಡಾಕ್ಕೆ 3-2ರಿಂದ ಸೋತು ಬೆಳ್ಳಿ ಪಡೆಯಿತು.

ತಲೆಗೆ ಪೆಟ್ಟಾದದ್ದು ಆ ಒಲಿಂಪಿಕ್ಸ್ ಹೊತ್ತಿನಲ್ಲೇ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಇಳಿಯುವ ತೊಂದರೆ ಆಕೆಯನ್ನು ತಿಂಗಳುಗಟ್ಟಲೆ ಬಿಡಲಿಲ್ಲ. 2014-15ರ ಋತು ಪೂರ್ತಿ ಕೈತಪ್ಪಿತು. ತಂಡವೇನೂ ನಿಲ್ಲಲಿಲ್ಲ. ಆ ವರ್ಷ ತನ್ನದೇ ಊರಾದ ಮಿನ್ಯಾಪೊಲಿಸ್‌ನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಹಾರ್ವರ್ಡ್ ತಂಡವನ್ನು 4-1ರಿಂದ ಸೋಲಿಸಿ ಮತ್ತೆ ಪಟ್ಟಕ್ಕೇರಿತು. ಗೆಳತಿಯರು ಗೆಲ್ಲುತ್ತಿದ್ದಾಗ, ಹೊರಗೆ ಏನೂ ಕಾಣದ ಕಾಯಿಲೆ ಹೊತ್ತು ದೂರ ಉಳಿಯುವುದು ಎಷ್ಟು ಕಷ್ಟವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡವರನ್ನು ಕಂಡು ಎಲ್ಲರೂ ಅಯ್ಯೋ ಎನ್ನುತ್ತಾರೆ. ತಲೆನೋವು ಎಂದು ಕೂತವರನ್ನು ಕಂಡರೆ, ಇನ್ನೂ ಹೋಗಲಿಲ್ಲವೇ ಎಂದು ಕೇಳುತ್ತಾರೆ.

ತಲೆಯೊಳಗೆ ಆಗುವುದೇನು?

ನಮ್ಮ ಮಿದುಳು ತಲೆಬುರುಡೆಗೆ ಅಂಟಿಕೊಂಡಿಲ್ಲ. ಬುರುಡೆಯೊಳಗಿನ ದ್ರವದಲ್ಲಿ ಮೃದುವಾಗಿ ತೇಲಿಕೊಂಡಿದೆ. ಓಡುತ್ತಿರುವ ಬಸ್ಸಿಗೆ ಚಾಲಕ ಗಕ್ಕನೆ ಬ್ರೇಕ್ ಹಾಕಿದರೆ ಬಸ್ಸು ನಿಲ್ಲುತ್ತದೆ, ನಿಂತಿದ್ದ ಪ್ರಯಾಣಿಕರು ಮಾತ್ರ ಮುಂದಕ್ಕೆ ಮುಗ್ಗರಿಸುತ್ತಾರೆ. ತಲೆಗೆ ಪೆಟ್ಟು ಬಿದ್ದಾಗ ಮಿದುಳಿನ ಪಾಡು ಆ ಪ್ರಯಾಣಿಕರದು. ಅದು ಅಲುಗುತ್ತದೆ, ತಿರುಚಿದಂತಾಗುತ್ತದೆ, ನರತಂತುಗಳು ಜಗ್ಗುತ್ತವೆ. ಪೆಟ್ಟು ತಲೆಗೇ ಬೀಳಬೇಕೆಂದಿಲ್ಲ. ಭುಜಕ್ಕೋ ಬೆನ್ನಿಗೋ ಬಿದ್ದ ಜೋರಾದ ಹೊಡೆತದಿಂದ ಕತ್ತು ಝಾಡಿಸಿದರೂ ಸಾಕು.

ಹೀಗೆ ಅಲುಗಿದ ಜೀವಕೋಶಗಳಲ್ಲಿ ಲವಣಗಳ ಸಮತೋಲನ ತಪ್ಪುತ್ತದೆ. ಅದನ್ನು ಸರಿಪಡಿಸಲು ಮಿದುಳಿಗೆ ಹೆಚ್ಚು ಶಕ್ತಿ ಬೇಕು. ಅದೇ ಹೊತ್ತಿಗೆ ಅಗತ್ಯಕ್ಕೆ ತಕ್ಕಷ್ಟು ರಕ್ತ ಹರಿದು ಬರುವುದಿಲ್ಲ. ಮನೆಯಲ್ಲಿ ದಿಢೀರನೆ ಖರ್ಚು ಬಂದ ತಿಂಗಳೇ ಸಂಬಳ ತಡವಾದರೆ ಹೇಗೋ ಹಾಗೆ. ಇಂಥ ಸಮಯದಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ಮಿದುಳು ತಡೆದುಕೊಳ್ಳುವುದು ಕಷ್ಟ. ಚೇತರಿಕೆ ಬಹಳ ನಿಧಾನವಾಗುತ್ತದೆ. ಅಪರೂಪವಾಗಿ, ಅದರಲ್ಲೂ ಎಳೆಯ ವಯಸ್ಸಿನವರಲ್ಲಿ, ಮಿದುಳು ಊದಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು.

ಇದರ ಲಕ್ಷಣಗಳು ಹಲವು. ತಲೆನೋವು, ತಲೆಸುತ್ತು, ಓಕರಿಕೆ, ಕಣ್ಣು ಮಂಜಾಗುವುದು, ಬೆಳಕು ಮತ್ತು ಸದ್ದನ್ನು ಸಹಿಸಲಾಗದಿರುವುದು, ಆಡುತ್ತಿದ್ದ ಮಾತು ಮರೆಯುವುದು, ಓದಿದ್ದು ತಲೆಗೆ ಹತ್ತದಿರುವುದು. ಕೆಲವರಿಗೆ ಸಿಡುಕು ಹೆಚ್ಚುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ, ನಿದ್ದೆ ಕೆಡುತ್ತದೆ. ಎಲ್ಲ ಲಕ್ಷಣಗಳೂ ಆ ಕ್ಷಣವೇ ಕಾಣಬೇಕೆಂದಿಲ್ಲ. ಕೆಲವು ಗಂಟೆ ಕಳೆದ ಮೇಲೆ, ಒಮ್ಮೊಮ್ಮೆ ಮಾರನೆಯ ದಿನ ಕಾಣಿಸಿಕೊಳ್ಳುವುದೂ ಉಂಟು.

ಮೂರು ತಪ್ಪು ತಿಳಿವಳಿಕೆ

ಒಂದು, ಪ್ರಜ್ಞೆ ತಪ್ಪಿದರೆ ಮಾತ್ರ ಪೆಟ್ಟು ಗಂಭೀರ ಎಂಬುದು. ಕಂಕಷನ್ ಆದ ಹೆಚ್ಚಿನವರು ಪ್ರಜ್ಞೆ ತಪ್ಪುವುದೇ ಇಲ್ಲ.

ಎರಡು, ಸಿ.ಟಿ. ಸ್ಕ್ಯಾನ್ ಸರಿಯಾಗಿದ್ದರೆ ಏನೂ ಆಗಿಲ್ಲ ಎಂಬುದು. ಸ್ಕ್ಯಾನ್ ತೋರಿಸುವುದು ರಕ್ತಸ್ರಾವವನ್ನು, ಮೂಳೆಯ ಬಿರುಕನ್ನು. ಕಂಕಷನ್ ಆಗಿರುವುದು ಮಿದುಳಿನ ಕೆಲಸದಲ್ಲಿ. ಹೀಗಾಗಿ ಸ್ಕ್ಯಾನ್ ಸರಿಯಾಗಿದ್ದೂ ರೋಗಿ ನಿಜವಾಗಿ ನರಳುತ್ತಿರಬಹುದು.

ಮೂರು, ಹೆಲ್ಮೆಟ್ ಇದ್ದರೆ ಭಯವಿಲ್ಲ ಎಂಬುದು. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಪಾಡುತ್ತದೆ, ಪ್ರಾಣ ಉಳಿಸುತ್ತದೆ, ಧರಿಸಲೇಬೇಕು. ಆದರೆ ಒಳಗೆ ಮಿದುಳು ಅಲುಗುವುದನ್ನು ಅದು ಪೂರ್ತಿ ತಡೆಯಲಾರದು. ಅಮಂಡಾ ಮತ್ತು ಗೆಳತಿಯರು ಹೆಲ್ಮೆಟ್ ಇಲ್ಲದೆ ಅಂಗಳಕ್ಕೆ ಇಳಿದವರಲ್ಲ.

ಹೆಣ್ಣುಮಕ್ಕಳ ವಿಚಾರದಲ್ಲಿ ಇನ್ನೊಂದು ಮಾತು. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗಳಂಥ ಒಂದೇ ನಿಯಮದ ಆಟಗಳಲ್ಲಿ ಹುಡುಗರಿಗಿಂತ ಹುಡುಗಿಯರಿಗೆ ಕಂಕಷನ್ ಹೆಚ್ಚು ಎಂದು ಹಲವು ಅಧ್ಯಯನಗಳು ಕಂಡಿವೆ. ಕತ್ತಿನ ಸ್ನಾಯುಗಳ ಬಲದಲ್ಲಿರುವ ವ್ಯತ್ಯಾಸ, ಹಾರ್ಮೋನುಗಳು ಇದಕ್ಕೆ ಕಾರಣವಿರಬಹುದೆಂದು ತಜ್ಞರು ಹೇಳುತ್ತಾರೆ. ಹುಡುಗಿಯರು ನೋವನ್ನು ಬಾಯಿಬಿಟ್ಟು ಹೇಳುವುದೂ ಒಂದು ಕಾರಣವಿರಬಹುದು. ಹಾಗಿದ್ದರೆ ಅದು ದೌರ್ಬಲ್ಯವಲ್ಲ, ಜಾಣತನ.

ಮುಚ್ಚಿಡುವುದೇ ದೊಡ್ಡ ಅಪಾಯ

ಆದರೂ ಬಹಳಷ್ಟು ಆಟಗಾರರು ಹೇಳುವುದಿಲ್ಲ. ಏಕೆಂದರೆ ಋತು ಚಿಕ್ಕದು. ಕಾಲೇಜಿನ ವರ್ಷಗಳು ನಾಲ್ಕೇ. ತಾನು ಕೂತರೆ ತನ್ನ ಜಾಗ ಇನ್ನೊಬ್ಬಳಿಗೆ ಹೋದೀತೆಂಬ ಅಂಜಿಕೆ. ಗೆಳತಿಯರನ್ನು ನಡುನೀರಲ್ಲಿ ಕೈಬಿಟ್ಟಂತಾದೀತೆಂಬ ಸಂಕೋಚ. ತರಬೇತುದಾರ ಕೇಳಿದಾಗ, ಏನಿಲ್ಲ, ಚೆನ್ನಾಗಿದ್ದೇನೆ ಎಂಬ ಉತ್ತರ ತಾನಾಗಿ ಬಂದುಬಿಡುತ್ತದೆ.

ಇದನ್ನು ತಿಳಿದೇ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ 2010ರಲ್ಲಿ ಒಂದು ನಿಯಮ ಮಾಡಿತು. ಪ್ರತಿ ಕಾಲೇಜೂ ಕಂಕಷನ್ ನಿಭಾಯಿಸುವ ಲಿಖಿತ ಕ್ರಮವೊಂದನ್ನು ಇಟ್ಟುಕೊಳ್ಳಬೇಕು. ಲಕ್ಷಣ ಕಂಡ ಆಟಗಾರರನ್ನು ಕೂಡಲೇ ಹೊರಗೆ ಕರೆದು ಪರೀಕ್ಷಿಸಬೇಕು. ಕಂಕಷನ್ ಆಗಿದ್ದರೆ ಆ ದಿನ ಮತ್ತೆ ಆಡಿಸುವಂತಿಲ್ಲ. ವೈದ್ಯರು ಅಥವಾ ವೈದ್ಯರು ನೇಮಿಸಿದವರು ಒಪ್ಪಿಗೆ ಕೊಟ್ಟ ಮೇಲೆಯೇ ಮರಳಬೇಕು. ತೀರ್ಮಾನವನ್ನು ಆಟಗಾರ್ತಿಯ ಉತ್ಸಾಹದ ಕೈಗೂ ಬಿಟ್ಟಿಲ್ಲ, ತರಬೇತುದಾರರ ಅವಸರದ ಕೈಗೂ ಬಿಟ್ಟಿಲ್ಲ ಎಂಬುದನ್ನು ಗಮನಿಸಿ.

ನಮ್ಮಲ್ಲಿ ಅವಸರದ ಹೆಸರು ಬೇರೆ. ಇಲ್ಲಿ ಅದು ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ, ಪಿಯುಸಿ ಟ್ಯೂಷನ್ನು, ತಾಲ್ಲೂಕು ಮಟ್ಟದ ಕಬಡ್ಡಿ. ಸೈಕಲ್ಲಿನಿಂದ ಬಿದ್ದ ಮಗಳು ಪುಸ್ತಕ ಹಿಡಿದರೆ ತಲೆನೋವು ಎಂದಾಗ, ಓದಲು ಕಳ್ಳಾಟ ಎಂದು ಗದರುವ ಮೊದಲು ಒಂದು ಕ್ಷಣ ಯೋಚಿಸಿ.

ವಿಶ್ರಾಂತಿ ಎಂದರೆ ಎಷ್ಟು?

ಹಿಂದೆ ಕಂಕಷನ್ ಆದವರನ್ನು ಕತ್ತಲೆ ಕೋಣೆಯಲ್ಲಿ ಮಲಗಿಸಿ, ಓದು, ಟಿ.ವಿ., ಮಾತು ಎಲ್ಲ ಬಿಡಿಸಿ, ಲಕ್ಷಣಗಳು ಪೂರ್ತಿ ಹೋಗುವವರೆಗೆ ಕಾಯಿಸುತ್ತಿದ್ದುದುಂಟು. ಈಗಿನ ತಿಳಿವಳಿಕೆ ಬೇರೆ. 2022ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಸೇರಿದ್ದ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದ ಸಲಹೆ ಹೀಗಿದೆ: ಮೊದಲ 24ರಿಂದ 48 ಗಂಟೆ ಮನೆಯಲ್ಲಿ ಆರಾಮವಾಗಿರಬೇಕು, ಮೊಬೈಲು, ಟಿ.ವಿ. ಮಿತವಾಗಿರಬೇಕು. ಆದರೆ ಹಾಸಿಗೆ ಹಿಡಿಯಬೇಕಿಲ್ಲ. ಆಮೇಲೆ ಅಂಗಳದಲ್ಲಿ ನಡೆದಾಡುವಂಥ ಹಗುರ ಚಟುವಟಿಕೆಯನ್ನು ಮೆಲ್ಲನೆ ಹೆಚ್ಚಿಸಬೇಕು. ತಲೆನೋವು ಕೊಂಚ ಮಿಣುಕಿದರೆ ಪರವಾಗಿಲ್ಲ; ಜೋರಾದರೆ ಅಂದಿಗೆ ನಿಲ್ಲಿಸಿ ಮಾರನೆಯ ದಿನ ಮತ್ತೆ ನೋಡಬೇಕು.

ಆಟಕ್ಕೆ ಮರಳಲು ಆರು ಮೆಟ್ಟಿಲು. ಮೊದಲು ದಿನನಿತ್ಯದ ಕೆಲಸ. ಎರಡನೆಯದು ನಡಿಗೆ ಅಥವಾ ನಿಂತಲ್ಲೇ ತುಳಿಯುವ ಸೈಕಲ್ಲು. ಮೂರನೆಯದು ಒಬ್ಬರೇ ಮಾಡುವ ಆಟದ ವ್ಯಾಯಾಮ. ಐಸ್ ಹಾಕಿಯಲ್ಲಾದರೆ ಖಾಲಿ ಅಂಗಳದಲ್ಲಿ ಒಂಟಿಯಾಗಿ ಸ್ಕೇಟ್ ಮಾಡುವುದು. ನಾಲ್ಕನೆಯದು ಡಿಕ್ಕಿಯ ಭಯವಿಲ್ಲದಂತೆ ತಂಡದವರ ಜೊತೆ ಅಭ್ಯಾಸ. ಐದನೆಯದು ಪೂರ್ಣ ಅಭ್ಯಾಸ. ಆರನೆಯದು ಪಂದ್ಯ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ಲಕ್ಷಣಗಳು ಪೂರ್ತಿ ಹೋಗಿ ವೈದ್ಯರು ಒಪ್ಪದ ಹೊರತು ನಾಲ್ಕನೆಯ ಮೆಟ್ಟಿಲು ಹತ್ತುವಂತಿಲ್ಲ. ಹೆಚ್ಚಿನವರು ಎರಡರಿಂದ ನಾಲ್ಕು ವಾರಗಳಲ್ಲಿ ಗುಣವಾಗುತ್ತಾರೆ. ಅದಕ್ಕೂ ಮೀರಿ ತೊಂದರೆ ಉಳಿದರೆ ಸುಮ್ಮನೆ ಕಾಯುತ್ತ ಕೂರಬಾರದು. ಕತ್ತು, ಕಣ್ಣಿನ ಚಲನೆ, ಕಿವಿಯೊಳಗಿನ ಸಮತೋಲನ, ಮನಸ್ಸಿನ ದುಗುಡ, ಇವುಗಳಲ್ಲಿ ಯಾವುದು ಕಾಡುತ್ತಿದೆ ಎಂದು ಹುಡುಕಿ ಅದಕ್ಕೆ ತಕ್ಕ ವ್ಯಾಯಾಮ, ಚಿಕಿತ್ಸೆ ಕೊಡಬೇಕು.

ಅಮಂಡಾ ಕೆಸ್ಸೆಲ್ ಅವರ ದಾರಿ ತೆರೆದದ್ದೂ ಹೀಗೆಯೇ. ಪಿಟ್ಸ್‌ಬರ್ಗ್‌ನ ಕ್ರೀಡಾ ಕಂಕಷನ್ ಚಿಕಿತ್ಸಾಲಯದಲ್ಲಿ ಆಕೆಗೆ ಹೊಸ ಚಿಕಿತ್ಸೆ ಸಿಕ್ಕಿತು. 2016ರ ಫೆಬ್ರವರಿಯಲ್ಲಿ ಆಕೆ ಮತ್ತೆ ಮಿನ್ನೆಸೋಟದ ಅಂಗಿ ತೊಟ್ಟರು. ಋತು ಮುಗಿಯಲು ಉಳಿದಿದ್ದು ಸುಮಾರು ಆರು ವಾರ. ರಾಷ್ಟ್ರೀಯ ಪಂದ್ಯಾವಳಿಯ ಉಪಾಂತ್ಯದಲ್ಲಿ ವಿಸ್ಕಾನ್ಸಿನ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 3-2ರಿಂದ ಗೆದ್ದ ಮಿನ್ನೆಸೋಟ, ಅಂತಿಮ ಪಂದ್ಯದಲ್ಲಿ ಸೋಲರಿಯದ ಬಾಸ್ಟನ್ ಕಾಲೇಜಿಗೆ ಸೋಲಿನ ರುಚಿ ತೋರಿಸಿತು. 2018ರ ಪ್ಯಾಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲೂ ಆಕೆ ಇದ್ದರು.

ನಮ್ಮ ಮನೆಯಲ್ಲಿ ತಲೆಗೆ ಪೆಟ್ಟಾದರೆ

ಮೊದಲು, ಬಿದ್ದವರನ್ನು ಗಡಿಬಿಡಿಯಿಂದ ಎಬ್ಬಿಸಿ ನಿಲ್ಲಿಸಬೇಡಿ. ಕತ್ತು ನೋಯುತ್ತಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ, ಪ್ರಜ್ಞೆ ಇಲ್ಲದಿದ್ದರೆ ತಲೆ, ಕತ್ತು ಅಲುಗದಂತೆ ಇದ್ದಲ್ಲೇ ಇರಿಸಿ 108ಕ್ಕೆ ಕರೆ ಮಾಡಿ. ಮೂಗಿಗೆ ಈರುಳ್ಳಿ ಹಿಡಿಯುವುದು, ನೆತ್ತಿಗೆ ಎಣ್ಣೆ ತಟ್ಟಿ ತಿಕ್ಕುವುದು, ಅರೆಪ್ರಜ್ಞೆಯಲ್ಲಿದ್ದವರ ಬಾಯಿಗೆ ನೀರು ಸುರಿಯುವುದು ಬೇಡ. ಎಚ್ಚರವಾಗಿದ್ದು ಊತ ಮಾತ್ರ ಇದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಅದರ ಮೇಲೆ ಇಡಬಹುದು.

ಈ ಲಕ್ಷಣಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ:

- ಹೊತ್ತು ಕಳೆದಂತೆ ಹೆಚ್ಚುವ ತಲೆನೋವು
- ಮತ್ತೆ ಮತ್ತೆ ವಾಂತಿ
- ಫಿಟ್ಸ್
- ಎಬ್ಬಿಸಿದರೂ ಏಳದಂಥ ಮಂಪರು, ಅಥವಾ ಪ್ರಜ್ಞೆ ತಪ್ಪುವುದು
- ತೊದಲು ಮಾತು, ಹೆಚ್ಚುತ್ತಿರುವ ಗೊಂದಲ, ಮನೆಯವರ ಗುರುತು ಸಿಗದಿರುವುದು
- ಕೈಕಾಲಿನಲ್ಲಿ ಬಲ ಕುಂದುವುದು
- ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು
- ಕಿವಿ, ಮೂಗಿನಿಂದ ರಕ್ತ ಅಥವಾ ನೀರಿನಂಥ ದ್ರವ ಸೋರುವುದು
- ಪುಟ್ಟ ಮಗುವಾದರೆ ನಿಲ್ಲದ ಅಳು, ಹಾಲು ಕುಡಿಯದಿರುವುದು

ಮನೆಯಲ್ಲಿ ವಯಸ್ಸಾದವರು ರಕ್ತ ತೆಳುವಾಗುವ ಮಾತ್ರೆ ಸೇವಿಸುತ್ತಿದ್ದರೆ ಪೆಟ್ಟು ಚಿಕ್ಕದೆನಿಸಿದರೂ ವೈದ್ಯರಿಗೆ ತೋರಿಸಲೇಬೇಕು. ಅವರಲ್ಲಿ ರಕ್ತ ನಿಧಾನವಾಗಿ ಒಸರಿ, ದಿನಗಳ ನಂತರ ತೊಂದರೆ ಕೊಡಬಹುದು.

ತಲೆಗೆ ಪೆಟ್ಟಾದವರನ್ನು ರಾತ್ರಿ ಮಲಗಲು ಬಿಡಬಾರದು ಎಂಬ ಮಾತು ಹಳ್ಳಿಯಲ್ಲೂ ಪಟ್ಟಣದಲ್ಲೂ ಇದೆ. ಅಪಾಯದ ಲಕ್ಷಣಗಳಿಲ್ಲ ಎಂದು ವೈದ್ಯರು ನೋಡಿ ಹೇಳಿದ ಮೇಲೆ ನಿದ್ದೆ ಒಳ್ಳೆಯದೇ. ಮಿದುಳು ಚೇತರಿಸಿಕೊಳ್ಳಲು ಅದು ಬೇಕು. ಆದರೆ ಮೊದಲ ದಿನ ಅವರನ್ನು ಒಂಟಿಯಾಗಿ ಬಿಡಬೇಡಿ. ನೋವಿಗೆ ಮಾತ್ರೆಯನ್ನು ವೈದ್ಯರನ್ನು ಕೇಳಿ ಕೊಡಿ. ರಕ್ತಸ್ರಾವ ಹೆಚ್ಚಿಸುವ ಭಯವಿರುವುದರಿಂದ ಆಸ್ಪಿರಿನ್, ಐಬುಪ್ರೊಫೆನ್ ತಾವಾಗಿ ನುಂಗುವುದು ಬೇಡ. ಪೂರ್ತಿ ಗುಣವಾಗುವವರೆಗೆ ಸ್ಕೂಟರ್ ಓಡಿಸುವುದು, ಮದ್ಯ ಸೇವಿಸುವುದು ಸಲ್ಲದು.

ಮಕ್ಕಳ ವಿಚಾರದಲ್ಲಿ ನೆನಪಿಡಬೇಕಾದ ಕ್ರಮ: ಮೊದಲು ಶಾಲೆ, ಆಮೇಲೆ ಆಟ. ಶಾಲೆಗೂ ಅರ್ಧ ದಿನದಿಂದ ಆರಂಭಿಸಬಹುದು. ಪೆಟ್ಟಾಗಿರುವ ವಿಷಯವನ್ನು ತರಗತಿಯ ಉಪಾಧ್ಯಾಯರಿಗೂ ಆಟದ ಮೇಷ್ಟ್ರಿಗೂ ಚೀಟಿ ಬರೆದು ತಿಳಿಸಿ. ಹೆಲ್ಮೆಟ್ ವಿಚಾರ ಹೇಳಿಯಾಯಿತು. ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಅದು ಕಡ್ಡಾಯ. ದಂಡದ ಭಯಕ್ಕೆ ತಲೆಯ ಮೇಲೆ ಇಟ್ಟುಕೊಂಡರೆ ಸಾಲದು, ಗದ್ದದ ಕೆಳಗೆ ಪಟ್ಟಿ ಬಿಗಿದಿರಬೇಕು.

ಕೊನೆಯದಾಗಿ ತಂದೆತಾಯಿಯರಲ್ಲಿ ಒಂದು ವಿನಂತಿ. ಮಗ ಅಥವಾ ಮಗಳು ಮೈದಾನದಿಂದ ಬಂದು, ಅಮ್ಮಾ, ತಲೆ ಒಂಥರಾ ಆಗ್ತಿದೆ ಎಂದರೆ ಪಂದ್ಯ ಯಾರು ಗೆದ್ದರು ಎಂದು ಆಮೇಲೆ ಕೇಳಿ. ಯಾವಾಗ ಬಿದ್ದೆ, ಹೇಗೆ ಬಿದ್ದೆ, ಈಗ ಏನಾಗುತ್ತಿದೆ ಎಂದು ಮೊದಲು ಕೇಳಿ. ಒಂದು ಋತು ಕೈತಪ್ಪಿದರೆ ಇನ್ನೊಂದು ಬರುತ್ತದೆ. ಒಂದಲ್ಲ, ಸುಮಾರು ಎರಡು ಋತು ಹೊರಗುಳಿದ ಆಟಗಾರ್ತಿಯೊಬ್ಬರು ಹಿಂತಿರುಗಿ ಬಂದು ತಂಡವನ್ನು ಗೆಲ್ಲಿಸಿದ್ದನ್ನು ಮೇಲೆ ಓದಿದಿರಿ. ಆಟ ಕಾಯುತ್ತದೆ. ಮಿದುಳಿಗೆ ಬೇಕಾದಷ್ಟು ಸಮಯ ಕೊಡಿ.